ಹೈಸ್ಕೂಲ್ ಫುಟ್‌ಬಾಲಿನಿಂದ ಕಾಲೇಜ್ ತಂಡಕ್ಕೆ: ಮಾರ್ಕ್ಸು, ಅರ್ಹತೆ, ದುಡಿಯುವ ಅಭ್ಯಾಸ

ಮಗ ಹನ್ನೊಂದನೇ ಕ್ಲಾಸಿನಲ್ಲಿದ್ದಾಗ, ಜನವರಿಯ ಒಂದು ಸಂಜೆ, ಡಿವಿಷನ್ 2 (ಕಾಲೇಜ್ ಆಟದ ಮೂರು ಹಂತಗಳಲ್ಲಿ ಎರಡನೆಯದು) ಕಾಲೇಜೊಂದರ ಅಸಿಸ್ಟೆಂಟ್ ಕೋಚ್ ಫೋನ್ ಮಾಡಿದರು. ಅವನ ಅಮೆರಿಕನ್ ಫುಟ್‌ಬಾಲ್ ಆಟದ ವಿಡಿಯೊ ಅವರಿಗೆ ಹಿಡಿಸಿತ್ತು. ಎತ್ತರ, ತೂಕ, 40 ಗಜದ ಓಟದ ಟೈಮು, ಬೆಂಚ್ ಪ್ರೆಸ್ಸು, ಎಲ್ಲವೂ ನನಗೆ ಬಾಯಿಪಾಠ. ಅವರು ಅದ್ಯಾವುದನ್ನೂ ಕೇಳಲಿಲ್ಲ. "ಇವನ ಕೋರ್ ಜಿಪಿಎ ಎಷ್ಟು?" ಅಂದರು. ರಿಪೋರ್ಟಿನಲ್ಲಿದ್ದ ಜಿಪಿಎ ಹೇಳಿದೆ. "ಅದಲ್ಲ, ಕೋರ್ ಜಿಪಿಎ. ಲೆಕ್ಕ ಹಾಕಿ ತಿಳಿಸಿ" ಅಂತ ಮರ್ಯಾದೆಯಿಂದಲೇ ಫೋನ್ ಇಟ್ಟರು.

ಆ ರಾತ್ರಿ ಊಟದ ಟೇಬಲ್ ಒರೆಸಿ, ಟ್ರಾನ್ಸ್‌ಕ್ರಿಪ್ಟ್ (ಈವರೆಗಿನ ಎಲ್ಲ ಗ್ರೇಡುಗಳ ಪಟ್ಟಿ) ಹರಡಿಕೊಂಡು ನಾನು, ನನ್ನ ಹೆಂಡತಿ, ಮಗ ಮೂವರೂ ಕೂತೆವು. ಒಂದೂವರೆ ಗಂಟೆಯಲ್ಲಿ ಎರಡು ವಿಷಯ ಗೊತ್ತಾಯಿತು. ಅವನ ಕೋರ್ ಜಿಪಿಎ, ಅಂದರೆ ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳ ಗ್ರೇಡುಗಳ ಸರಾಸರಿ, ರಿಪೋರ್ಟಿನ ಜಿಪಿಎಗಿಂತ ಅರ್ಧ ಪಾಯಿಂಟಿಗೂ ಜಾಸ್ತಿ ಕೆಳಗಿತ್ತು. ಇನ್ನೊಂದು, ಹತ್ತನೇ ಕ್ಲಾಸಿನಲ್ಲಿ ಕೌನ್ಸೆಲರ್ ಹಾಕಿಸಿದ್ದ ಗಣಿತದ ಒಂದು ಕ್ಲಾಸು ಎನ್‌ಸಿಎಎ (ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆ) ಲೆಕ್ಕಕ್ಕೇ ಬರುವುದಿಲ್ಲ. ಅವನು ಪಾಸಾಗಿದ್ದ, ಗ್ರೇಡೂ ಚೆನ್ನಾಗಿತ್ತು. ಆದರೆ ಅರ್ಹತೆಯ ಮಟ್ಟಿಗೆ ಆ ವರ್ಷದ ಗಣಿತ ಸೊನ್ನೆ.

ಸರಿ ಮಾಡಿಕೊಂಡೆವು. ಒಂದು ಬೇಸಿಗೆ ಪೂರ್ತಿ ಅದಕ್ಕೇ ಹೋಯಿತು. ಆಮೇಲೆ ನಮ್ಮ ಡಾಲಸ್ ಉತ್ತರದ ಫ್ರಿಸ್ಕೊ, ಪ್ಲೇನೊ ಸುತ್ತಮುತ್ತಲ ಕನ್ನಡ ಮನೆಗಳವರು ಇದೇ ಪ್ರಶ್ನೆ ಹಿಡಿದು ಬರತೊಡಗಿದರು. ಅವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನನ್ನ ಮಾತು ಇಷ್ಟೇ: ಕೋಚ್‌ಗಳು ಆಟದ ಫಿಲ್ಮ್ ನೋಡುವ ಕಣ್ಣಿನಿಂದಲೇ ಟ್ರಾನ್ಸ್‌ಕ್ರಿಪ್ಟನ್ನೂ ನೋಡುತ್ತಾರೆ. ಯಾರೂ ನೋಡದಿರುವಾಗ ಹುಡುಗ ಹೇಗೆ ದುಡಿಯುತ್ತಾನೆ ಅನ್ನುವುದು ಅದರಲ್ಲಿ ಕಾಣುತ್ತದೆ. ಆ ಫಿಲ್ಮ್ ಒಂಬತ್ತನೇ ಕ್ಲಾಸಿನ ಮೊದಲ ದಿನವೇ ಓಡಲು ಶುರುವಾಗುತ್ತದೆ.

ಹೊರಡುವ ಮುಂಚೆ: ಯಾವ ಬಾಗಿಲು, ಎಷ್ಟು ಅಗಲ

ಅಮೆರಿಕದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಮಕ್ಕಳು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. (ನಾನು ಹೇಳುತ್ತಿರುವುದು ಅಮೆರಿಕನ್ ಫುಟ್‌ಬಾಲ್. ಊರಿನಲ್ಲಿ ನಾವು ಕಾಲಲ್ಲಿ ಒದೆಯುವ ಆಟ ಇಲ್ಲಿ ಸಾಕರ್.) ಅವರಲ್ಲಿ ಯಾವುದಾದರೂ ಎನ್‌ಸಿಎಎ ಕಾಲೇಜ್ ತಂಡ ಸೇರುವವರು ನೂರಕ್ಕೆ ಸುಮಾರು 7. ಡಿವಿಷನ್ 1 ಮುಟ್ಟುವವರು ನೂರಕ್ಕೆ ಸುಮಾರು 3.

ಡಿವಿಷನ್ 1 ಮತ್ತು 2ಕ್ಕೆ ಎನ್‌ಸಿಎಎಯೇ ಓದಿನ ಅರ್ಹತೆ ಪರೀಕ್ಷಿಸುತ್ತದೆ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಅಲ್ಲಿ ಕಾಲೇಜಿನ ಅಡ್ಮಿಷನ್ ಆಫೀಸೇ ತೀರ್ಮಾನಿಸುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಡಿವಿಷನ್ 1ರಲ್ಲೇ ಇದೆ. ಆದರೂ ಆಟದ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ಸಹಾಯ ಕೊಡುತ್ತದೆ. ಆಟಗಾರರ ಮಾರ್ಕ್ಸನ್ನು ಅಳೆಯಲು ಅಲ್ಲಿ ಅಕಾಡೆಮಿಕ್ ಇಂಡೆಕ್ಸ್ ಅಂತ ಬೇರೆ ಲೆಕ್ಕವೇ ಇದೆ. ಇವಲ್ಲದೆ ಚಿಕ್ಕ ಕಾಲೇಜುಗಳ ಸಂಘ ಎನ್‌ಎಐಎ ಇದೆ, ಎರಡು ವರ್ಷದ ಜೂನಿಯರ್ ಕಾಲೇಜುಗಳಿವೆ.

ನಮ್ಮವರಲ್ಲಿ ಬಹಳ ಮಂದಿ ಡಿವಿಷನ್ 1 ಅಲ್ಲದಿದ್ದರೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಓದಿನಲ್ಲಿ ಗಟ್ಟಿ ಇರುವ, ಆಟದಲ್ಲಿ ಮಧ್ಯಮಕ್ಕಿಂತ ಮೇಲಿರುವ ಹುಡುಗನಿಗೆ ಒಳ್ಳೆಯ ಡಿವಿಷನ್ 3 ಕಾಲೇಜು ಎಷ್ಟೋ ಸಲ ಸರಿಯಾದ ಜಾಗ. ಮಾರ್ಕ್ಸು ಚೆನ್ನಾಗಿದ್ದರೆ ಇಷ್ಟೂ ಬಾಗಿಲು ತೆರೆದಿರುತ್ತವೆ.

ಹೆಜ್ಜೆ 1: ಒಂಬತ್ತನೇ ಕ್ಲಾಸಿಗೆ ಮುಂಚೆ ಕೋರ್ಸ್ ಪಟ್ಟಿ ಹೊಂದಿಸಿ

ಎನ್‌ಸಿಎಎ ಪ್ರತಿ ಹೈಸ್ಕೂಲಿಗೂ ಒಪ್ಪಿಗೆಯಾದ ಕೋರ್ಸ್‌ಗಳ ಒಂದು ಪಟ್ಟಿ ಇಟ್ಟಿದೆ. ಅರ್ಹತೆ ಪರೀಕ್ಷಿಸುವ ಅದರ ಎಲಿಜಿಬಿಲಿಟಿ ಸೆಂಟರ್ ವೆಬ್‌ಸೈಟಿನಲ್ಲಿ ಸ್ಕೂಲಿನ ಹೆಸರು ಹಾಕಿದರೆ ಯಾರಿಗೆ ಬೇಕಾದರೂ ಸಿಗುತ್ತದೆ. ನಮ್ಮ ಮನೆಯ ಎಡವಟ್ಟು ತಪ್ಪಿಸಲು ಹತ್ತು ನಿಮಿಷ ಸಾಕಾಗಿತ್ತು. ಕೌನ್ಸೆಲರ್ ನೋಡಿಕೊಳ್ಳುತ್ತಾರೆ ಅಂತ ಬಿಟ್ಟಿದ್ದೆವು. ಅವರ ಕೈಯಲ್ಲಿ ನೂರಾರು ಮಕ್ಕಳಿರುತ್ತಾರೆ. ಅವರ ಕಣ್ಣು ಹುಡುಗ ಡಿಪ್ಲೊಮಾ (ಹೈಸ್ಕೂಲ್ ಪಾಸಾದ ಸರ್ಟಿಫಿಕೇಟು) ಪಡೆಯುತ್ತಾನಾ ಅನ್ನುವುದರ ಮೇಲಿರುತ್ತದೆ. ಡಿಪ್ಲೊಮಾಗೆ ಬೇಕಾದ್ದು ಬೇರೆ, ಎನ್‌ಸಿಎಎಗೆ ಬೇಕಾದ್ದು ಬೇರೆ.

ಡಿವಿಷನ್ 1ಕ್ಕೆ 16 ಕೋರ್ ಕೋರ್ಸ್ ಬೇಕು. ಇಂಗ್ಲಿಷ್ 4 ವರ್ಷ. ಗಣಿತ 3 ವರ್ಷ, ಅದೂ ಆಲ್ಜಿಬ್ರಾ 1 ಅಥವಾ ಅದಕ್ಕಿಂತ ಮೇಲಿನದು. ವಿಜ್ಞಾನ 2 ವರ್ಷ, ಸ್ಕೂಲಿನಲ್ಲಿ ಲ್ಯಾಬ್ ಇದ್ದರೆ ಒಂದು ವರ್ಷ ಲ್ಯಾಬ್ ಸಮೇತ. ಇಂಗ್ಲಿಷ್, ಗಣಿತ, ವಿಜ್ಞಾನ ಈ ಮೂರರಲ್ಲಿ ಯಾವುದಾದರೂ ಇನ್ನೊಂದು ವರ್ಷ. ಸಮಾಜ ವಿಜ್ಞಾನ 2 ವರ್ಷ. ಉಳಿದ 4 ವರ್ಷಕ್ಕೆ ಮೇಲಿನ ಯಾವುದಾದರೂ ವಿಷಯ, ಇಲ್ಲವೇ ವಿದೇಶಿ ಭಾಷೆ, ತತ್ವಶಾಸ್ತ್ರ, ಧರ್ಮಗಳ ತೌಲನಿಕ ಅಧ್ಯಯನ. ಡಿವಿಷನ್ 2ಕ್ಕೂ 16 ಬೇಕು, ಹಂಚಿಕೆ ಸ್ವಲ್ಪ ಸಡಿಲ.

ವರ್ಷಪೂರ್ತಿಯ ಕೋರ್ಸಿಗೆ 1 ಯೂನಿಟ್, ಒಂದು ಸೆಮಿಸ್ಟರಿಗೆ ಅರ್ಧ. ಎಂಟನೇ ಕ್ಲಾಸಿನಲ್ಲೇ ಆಲ್ಜಿಬ್ರಾ 1 ಅಥವಾ ಸ್ಪ್ಯಾನಿಷ್ 1 ಮುಗಿಸಿದ್ದರೆ ಅದೂ ಸೇರಬಹುದು. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಗ್ರೇಡ್ ಮತ್ತು ಕ್ರೆಡಿಟ್ ಎರಡೂ ಕಾಣಬೇಕು, ಅಷ್ಟೇ. ನಮ್ಮ ಮಕ್ಕಳು ಬಹಳಷ್ಟು ಜನ ಎಂಟರಲ್ಲೇ ಆಲ್ಜಿಬ್ರಾ ಮುಗಿಸಿರುತ್ತಾರೆ, ಹಾಗಾಗಿ ಇದನ್ನು ಮರೆಯಬೇಡಿ.

ನನ್ನ ಹೆಂಡತಿ ಒಂದು ಡ್ರಾಯಿಂಗ್ ಹಾಳೆ ತಂದಳು. ಚೌಕಾಬಾರ ಆಡಲು ಮನೆ ಗೀಚುವ ಹಾಗೆ ನಾಲ್ಕು ಅಡ್ಡ, ನಾಲ್ಕು ಉದ್ದ, 16 ಮನೆ ಗೀಚಿ ಫ್ರಿಜ್ಜಿಗೆ ಅಂಟಿಸಿದಳು. ಮುಗಿದ ಕೋರ್ಸನ್ನು ಪೆನ್ನಿನಲ್ಲಿ, ನಡೆಯುತ್ತಿರುವುದನ್ನು ಪೆನ್ಸಿಲಿನಲ್ಲಿ ಬರೆದೆವು. ಗ್ರೇಡ್ ಮೂಲೆಯಲ್ಲಿ. ಮಗ ದಿನಕ್ಕೆ ಹತ್ತು ಸಲ ಆ ಫ್ರಿಜ್ ಬಾಗಿಲು ತೆಗೆಯುತ್ತಿದ್ದ. ಯಾವ ಆಪ್‌ಗಿಂತ ಆ ಹಾಳೆಯೇ ಹೆಚ್ಚು ಕೆಲಸ ಮಾಡಿತು ಅಂತ ಈಗಲೂ ನಂಬಿದ್ದೇನೆ.

ಹೆಜ್ಜೆ 2: ಕೋರ್ ಜಿಪಿಎಯನ್ನು ನೀವೇ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನ ಮನೆಗಳು ಎಡವುವುದು ಇಲ್ಲೇ.

ಎ ಅಂದರೆ 4 ಪಾಯಿಂಟ್, ಬಿ 3, ಸಿ 2, ಡಿ 1. ಪ್ಲಸ್, ಮೈನಸ್ ಲೆಕ್ಕಕ್ಕಿಲ್ಲ. ಬಿ ಪ್ಲಸ್ ಬಂದರೂ 3, ಬಿ ಮೈನಸ್ ಬಂದರೂ 3. ಸ್ಕೂಲು ಅಂಕಗಳಲ್ಲಿ ಗ್ರೇಡ್ ಕೊಟ್ಟರೆ, ಅದೇ ಸ್ಕೂಲಿನ ಅಳತೆಯ ಪ್ರಕಾರ ಅಕ್ಷರಕ್ಕೆ ಬದಲಾಯಿಸುತ್ತಾರೆ. ಆನರ್ಸ್, ಎಪಿ ಅನ್ನುವ ಮೇಲ್ಮಟ್ಟದ ಕ್ಲಾಸುಗಳಿಗೆ ಸ್ಕೂಲೇ ಹೆಚ್ಚಿನ ತೂಕ ಕೊಡುವ ಪದ್ಧತಿ ಇದ್ದರೆ ಹೆಚ್ಚೆಂದರೆ 1 ಪಾಯಿಂಟ್ ಸೇರುತ್ತದೆ.

ಒಬ್ಬ ಹುಡುಗನ ಹತ್ತನೇ ಕ್ಲಾಸಿನ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಹೀಗಿದೆ ಅಂದುಕೊಳ್ಳಿ. ಪ್ರತಿ ಕೋರ್ಸಿಗೂ ಎರಡು ಸೆಮಿಸ್ಟರಿನ ಗ್ರೇಡ್:

- ಇಂಗ್ಲಿಷ್ 9: ಸಿ, ಸಿ. ಒಟ್ಟು 2
- ಇಂಗ್ಲಿಷ್ 10: ಬಿ, ಸಿ. ಒಟ್ಟು 2.5
- ಆಲ್ಜಿಬ್ರಾ 1: ಸಿ, ಡಿ. ಒಟ್ಟು 1.5
- ಜಾಮೆಟ್ರಿ: ಸಿ, ಸಿ. ಒಟ್ಟು 2
- ಬಯಾಲಜಿ: ಬಿ, ಸಿ. ಒಟ್ಟು 2.5
- ಕೆಮಿಸ್ಟ್ರಿ: ಡಿ, ಸಿ. ಒಟ್ಟು 1.5
- ಭೂಗೋಳ: ಬಿ, ಬಿ. ಒಟ್ಟು 3
- ವಿಶ್ವ ಇತಿಹಾಸ: ಸಿ, ಬಿ. ಒಟ್ಟು 2.5

8 ಯೂನಿಟ್, 17.5 ಪಾಯಿಂಟ್. ಭಾಗಿಸಿದರೆ 2.19. ಈಗ ಕೋರ್ ಅಲ್ಲದ್ದನ್ನು ಸೇರಿಸಿ: ಎರಡು ವರ್ಷದ ಅಥ್ಲೆಟಿಕ್ಸ್, ಒಂದು ವರ್ಷ ಆರ್ಟ್, ಒಂದು ವರ್ಷ ಕಂಪ್ಯೂಟರ್, ಎಲ್ಲದರಲ್ಲೂ ಎ. ಒಟ್ಟು 12 ಯೂನಿಟ್, 33.5 ಪಾಯಿಂಟ್, ಸರಾಸರಿ 2.79. ಮನೆಗೆ ಬರುವ ರಿಪೋರ್ಟಿನಲ್ಲಿ ಕಾಣುವುದು ಈ 2.79. ಅಪ್ಪ ಅಮ್ಮ ಸುಮ್ನೆ ಇರುತ್ತಾರೆ, ಅಲ್ವಾ? ಡಿವಿಷನ್ 1ಕ್ಕೆ ಬೇಕಾದ ಕನಿಷ್ಠ 2.3. ಡಿವಿಷನ್ 2ಕ್ಕೆ 2.2. ಹುಡುಗ ಎರಡಕ್ಕೂ ಕೆಳಗಿದ್ದಾನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮುಂದಿನ ಲೆಕ್ಕ ಇನ್ನೂ ಮುಖ್ಯ. 16 ಯೂನಿಟ್ ಮುಗಿಯುವಾಗ 2.3 ಬರಬೇಕಾದರೆ ಒಟ್ಟು 36.8 ಪಾಯಿಂಟ್ ಬೇಕು. ಉಳಿದ 8 ಕೋರ್ಸಿನಲ್ಲಿ ಅವನು 19.3 ಗಳಿಸಬೇಕು, ಅಂದರೆ ಸರಾಸರಿ 2.41. ಆಗದ್ದೇನಲ್ಲ. ಆದರೆ ಕೋಚ್‌ಗಳಿಗೆ ಧೈರ್ಯ ಕೊಡುವ 3.0 ಬೇಕೆಂದರೆ ಉಳಿದ 8ರಲ್ಲಿ 30.5, ಸರಾಸರಿ 3.81. ಹೆಚ್ಚು ಕಡಿಮೆ ಎಲ್ಲದರಲ್ಲೂ ಎ ಬರಬೇಕು. ಇದೇ ಹುಡುಗ ಹನ್ನೊಂದನೇ ಕ್ಲಾಸನ್ನೂ ಇದೇ ಸರಾಸರಿಯಲ್ಲಿ ಕಳೆದು ಆಮೇಲೆ ಎಚ್ಚೆತ್ತರೆ, ಕೊನೆಯ 4 ಕೋರ್ಸಿನಲ್ಲಿ 5.4 ಸರಾಸರಿ ಬೇಕಾಗುತ್ತದೆ. ಅಂಥ ಗ್ರೇಡೇ ಇಲ್ಲ.

"ಹನ್ನೆರಡರಲ್ಲಿ ಓದಿಬಿಡ್ತೀನಿ ಬಿಡಿ ಅಪ್ಪ" ಅನ್ನುವ ಹುಡುಗನ ಮುಂದೆ ಈ ಲೆಕ್ಕ ಇಡಿ. ಬೈಯುವುದು ಬೇಡ. ಪೆನ್ಸಿಲ್ ಅವನ ಕೈಗೇ ಕೊಟ್ಟು ಭಾಗಾಕಾರ ಅವನಿಂದಲೇ ಮಾಡಿಸಿ. ನನ್ನ ಮಗ 5.4 ಅನ್ನುವ ಸಂಖ್ಯೆ ಬರೆದು ಎರಡು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದ.

ಒಂದು ಸಮಾಧಾನದ ವಿಷಯ. 16ಕ್ಕಿಂತ ಜಾಸ್ತಿ ಕೋರ್ ಕೋರ್ಸ್ ಓದಿದ್ದರೆ, ವಿಷಯವಾರು ಹಂಚಿಕೆಗೆ ಹೊಂದುವ ಒಳ್ಳೆಯ ಗ್ರೇಡುಗಳನ್ನೇ ಆರಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ 18, 19 ಕೋರ್ಸ್ ಇಟ್ಟುಕೊಂಡರೆ ಒಂದೆರಡು ಕೆಟ್ಟ ಸೆಮಿಸ್ಟರ್ ಪಕ್ಕಕ್ಕೆ ಸರಿಯಬಹುದು.

ಹೆಜ್ಜೆ 3: ರಾಜ್ಯದ ನಿಯಮ ವಾರವಾರವೂ ಕಣ್ಣಲ್ಲಿರಲಿ

ಎನ್‌ಸಿಎಎಯ ಮಾತು ಕಾಲೇಜಿಗಾಯಿತು. ಈ ಶುಕ್ರವಾರ ರಾತ್ರಿ ಆಡಲು ರಾಜ್ಯದ ನಿಯಮ ದಾಟಬೇಕು. ಟೆಕ್ಸಾಸ್‌ನಲ್ಲಿ ಇದಕ್ಕೆ 'ನೋ ಪಾಸ್, ನೋ ಪ್ಲೇ' ಅನ್ನುತ್ತಾರೆ. 1984ರಲ್ಲಿ ಗವರ್ನರ್ ಮಾರ್ಕ್ ವೈಟ್ ಕಾಲದಲ್ಲಿ, ಉದ್ಯಮಿ ರಾಸ್ ಪೆರೊ ನೇತೃತ್ವದ ಸಮಿತಿಯ ಶಿಫಾರಸಿನಿಂದ ಬಂದ ಕಾನೂನು. ಯಾವುದೇ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಪಂದ್ಯವಿಲ್ಲ. ಮೊದಲು ಆರು ವಾರ ಹೊರಗಿಡುತ್ತಿದ್ದರು, 1995ರಲ್ಲಿ ಮೂರು ವಾರಕ್ಕೆ ಇಳಿಸಿದರು. ಆ ಮೂರು ವಾರವೂ ಪ್ರಾಕ್ಟೀಸಿಗೆ ಹೋಗಬಹುದು, ಪಂದ್ಯಕ್ಕಿಲ್ಲ. ಎಪಿ, ಆನರ್ಸ್‌ನಂಥ ಕೆಲವು ಕಠಿಣ ಕ್ಲಾಸುಗಳಿಗೆ ವಿನಾಯಿತಿ ಇದೆ. ಯಾವುದಕ್ಕೆ ಅಂತ ಸ್ಕೂಲಿನಲ್ಲೇ ಕೇಳಿ. ಕ್ಯಾಲಿಫೋರ್ನಿಯದಲ್ಲಿ 2.0 ಸರಾಸರಿ ಕೇಳುತ್ತಾರೆ. ರಾಜ್ಯಕ್ಕೊಂದು ಪದ್ಧತಿ.

ಗಮನಿಸಿ, 70 ಬಂದು ಶುಕ್ರವಾರ ಆಡಿದ ಹುಡುಗ ರಾಜ್ಯದ ಕಣ್ಣಿಗೆ ಸರಿ. ಅದೇ 70 ಕೋರ್ ಜಿಪಿಎಯನ್ನು ಕೆಳಗೆಳೆಯುತ್ತಿರುತ್ತದೆ. ಎರಡು ನಿಯಮ, ಎರಡು ಲೆಕ್ಕ.

ನಮ್ಮ ಮನೆಗಳಲ್ಲಿ ಮಾರ್ಕ್ಸು ಇಳಿದ ಕೂಡಲೇ "ಫುಟ್‌ಬಾಲ್ ಬಿಡಿಸ್ತೀನಿ ನೋಡು" ಅನ್ನುವ ಮಾತು ಬರುತ್ತದೆ. ಹಾಸನದಿಂದ ನಮ್ಮಪ್ಪನೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು: "ಓದೋ ಹುಡುಗನ್ನ ಚೆಂಡಿನ ಹಿಂದೆ ಯಾಕೆ ಬಿಟ್ಟೆ?" ಅವರ ಕಾಳಜಿ ನಿಜವಾದದ್ದು. ಆದರೆ ಆ ಬೆದರಿಕೆ ಹಾಕಬೇಡಿ ಅಂತಲೇ ನಾನು ಹೇಳುತ್ತೇನೆ. ಬೆಳಿಗ್ಗೆ ಐದೂವರೆಗೆ ಹುಡುಗ ತಾನಾಗಿ ಏಳಲು ಇರುವ ಕಾರಣ ಆ ಆಟ. ಅದನ್ನು ಕಿತ್ತುಕೊಂಡರೆ ಏಳುವುದೂ ನಿಲ್ಲುತ್ತದೆ.

ಹೆಜ್ಜೆ 4: ಏಳನೇ ಸೆಮಿಸ್ಟರಿನ ಗೆರೆ

ಡಿವಿಷನ್ 1ಕ್ಕೆ ಹೋಗುವವರು 16ರಲ್ಲಿ 10 ಕೋರ್ಸನ್ನು ಹನ್ನೆರಡನೇ ಕ್ಲಾಸ್ ಶುರುವಾಗುವ ಮುಂಚೆ ಮುಗಿಸಿರಬೇಕು. ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವೇ ಆಗಿರಬೇಕು. ಏಳನೇ ಸೆಮಿಸ್ಟರ್ (ಹನ್ನೆರಡನೇ ಕ್ಲಾಸಿನ ಮೊದಲ ಸೆಮಿಸ್ಟರ್) ಶುರುವಾದರೆ ಆ 10ಕ್ಕೆ ಬೀಗ. ಮತ್ತೆ ಓದಿ ಗ್ರೇಡ್ ಏರಿಸಿಕೊಳ್ಳಲು ಆಗುವುದಿಲ್ಲ. ಈ ನಿಯಮ 2016ರಿಂದ ಇದೆ.

ಆದ್ದರಿಂದ ಕೆಟ್ಟ ಗ್ರೇಡ್ ಸರಿಪಡಿಸಲು ಕೊನೆಯ ಅವಕಾಶ ಹನ್ನೊಂದು ಮುಗಿದ ಬೇಸಿಗೆ. ನನ್ನ ಮಗ ಆ ಬೇಸಿಗೆ ಕೈಬಿಟ್ಟುಹೋಗಿದ್ದ ಗಣಿತ ಮುಗಿಸಿದ. ಬೆಳಿಗ್ಗೆ 6ಕ್ಕೆ ತಂಡದ ವೇಟ್ ರೂಮ್. 9ರಿಂದ ಮಧ್ಯಾಹ್ನದವರೆಗೆ ಆಲ್ಜಿಬ್ರಾ 2. ಸಂಜೆ ಹೋಮ್‌ವರ್ಕ್. ಗೆಳೆಯರೆಲ್ಲ ಕೆರೆಗೆ ಈಜಲು ಹೋಗುತ್ತಿದ್ದರು. ಅವನು ಟೇಬಲ್ ಮುಂದೆ ಕೂತಿರುತ್ತಿದ್ದ, ಒದ್ದೆ ಕೂದಲು, ಪಕ್ಕದಲ್ಲಿ ಒಂದು ದೊಡ್ಡ ಲೋಟ ಮಜ್ಜಿಗೆ.

ಬೇಸಿಗೆಯ ಕೋರ್ಸ್ ಅಥವಾ ಆನ್‌ಲೈನ್ ಕೋರ್ಸ್ ಸೇರುವ ಮುಂಚೆ ಅದೂ ಒಪ್ಪಿಗೆಯ ಪಟ್ಟಿಯಲ್ಲಿದೆಯಾ ನೋಡಿ. ಮೇಷ್ಟ್ರ ಜೊತೆ ಮಾತುಕತೆಯೇ ಇಲ್ಲದೆ ವಾರದಲ್ಲಿ ಮುಗಿಸಿಬಿಡುವ ಕೋರ್ಸ್‌ಗಳನ್ನು ಎನ್‌ಸಿಎಎ ಒಪ್ಪುವುದಿಲ್ಲ. ದುಡ್ಡೂ ಹೋಯಿತು, ಬೇಸಿಗೆಯೂ ಹೋಯಿತು ಅನ್ನುವ ಹಾಗಾಗಬಾರದು.

ಹೆಜ್ಜೆ 5: ದುಡಿಯುವ ಅಭ್ಯಾಸವನ್ನು ಕಣ್ಣಿಗೆ ಕಾಣುವ ಹಾಗೆ ಕಟ್ಟಿ

ಕಾಲೇಜ್ ಕೋಚ್‌ಗೆ ಒಬ್ಬ ಹುಡುಗನ ಮಾರ್ಕ್ಸಿನ ಮೇಲೆ ಇಷ್ಟೊಂದು ಆಸಕ್ತಿ ಯಾಕೆ? ಪ್ರೀತಿಯಿಂದ ಮಾತ್ರ ಅಲ್ಲ. ಎನ್‌ಸಿಎಎ ಡಿವಿಷನ್ 1ರ ಪ್ರತಿ ತಂಡಕ್ಕೂ ಓದಿಗೆ ಎಪಿಆರ್ ಅಂತ ಒಂದು ಅಂಕ ಕೊಡುತ್ತದೆ. ಸ್ಕಾಲರ್‌ಶಿಪ್ ಇರುವ ಪ್ರತಿ ಆಟಗಾರ ಪ್ರತಿ ಟರ್ಮ್‌ನಲ್ಲಿ ಓದಿನಲ್ಲಿ ಅರ್ಹನಾಗಿ ಉಳಿದರೆ ಒಂದು ಪಾಯಿಂಟ್, ಕಾಲೇಜಿನಲ್ಲೇ ಉಳಿದರೆ ಇನ್ನೊಂದು. ನಾಲ್ಕು ವರ್ಷದ ಸರಾಸರಿ 1000ಕ್ಕೆ 930 ಮುಟ್ಟದಿದ್ದರೆ ಸೀಸನ್ ನಂತರದ ಪಂದ್ಯಗಳಿಗೆ ಇಡೀ ತಂಡವೇ ಹೊರಗೆ. ಫುಟ್‌ಬಾಲಿಗೆ ಇನ್ನೊಂದು ಬಿಗಿ ನಿಯಮವಿದೆ: ಡಿವಿಷನ್ 1 ಆಟಗಾರ ಫಾಲ್ ಟರ್ಮ್‌ನಲ್ಲಿ (ವರ್ಷದ ಮೊದಲ ಟರ್ಮ್) 9 ಕ್ರೆಡಿಟ್ ಪಾಸಾಗದಿದ್ದರೆ ಮುಂದಿನ ಸೀಸನ್‌ನ ಮೊದಲ ನಾಲ್ಕು ಪಂದ್ಯ ಕಳೆದುಕೊಳ್ಳಬೇಕಾಗುತ್ತದೆ. ಎರಡನೇ ವರ್ಷದ ಕೊನೆಗೆ ಡಿಗ್ರಿಯ ಶೇ 40, ಮೂರನೇ ವರ್ಷಕ್ಕೆ ಶೇ 60, ನಾಲ್ಕಕ್ಕೆ ಶೇ 80 ಮುಗಿದಿರಬೇಕು.

ಈಗಂತೂ ಕೋಚ್‌ಗೆ ಆಯ್ಕೆ ಜಾಸ್ತಿ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಹೌಸ್ ಒಪ್ಪಂದದ (ಎನ್‌ಸಿಎಎ ಮೇಲೆ ಆಟಗಾರರು ಹೂಡಿದ್ದ ದಾವೆಯ ರಾಜಿ) ಪ್ರಕಾರ, ಅದಕ್ಕೆ ಸೇರಿದ ಡಿವಿಷನ್ 1ರ ಮೇಲಿನ ಹಂತದ ತಂಡಗಳಲ್ಲಿ 85 ಸ್ಕಾಲರ್‌ಶಿಪ್‌ಗಳ ಹಳೆಯ ಮಿತಿ ಹೋಗಿ 105 ಆಟಗಾರರ ಮಿತಿ ಬಂತು. ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ (ಕಾಲೇಜ್ ಬದಲಾಯಿಸಬಯಸುವ ಆಟಗಾರರ ಪಟ್ಟಿ) ಆಗಲೇ ಕಾಲೇಜ್ ಕ್ಲಾಸುಗಳಲ್ಲಿ ಪಾಸಾಗಿ ತೋರಿಸಿದ ಆಟಗಾರರು ಸಿಗುತ್ತಾರೆ. ಅನುಮಾನದ ಟ್ರಾನ್ಸ್‌ಕ್ರಿಪ್ಟ್ ಇರುವ ಹೈಸ್ಕೂಲ್ ಹುಡುಗನ ಮೇಲೆ ಒಂದು ಜಾಗ ಯಾಕೆ ಪಣಕ್ಕಿಡಬೇಕು?

ಹಾಗಾಗಿ ಕೋಚ್‌ಗಳು ಕೇಳಿ ತಿಳಿಯುತ್ತಾರೆ. ನಮ್ಮ ಸ್ಕೂಲಿಗೆ ಬಂದ ಒಬ್ಬರು ಹೆಡ್ ಕೋಚ್ ಜೊತೆ ಐದು ನಿಮಿಷ ಮಾತಾಡಿ, ಆಮೇಲೆ ಹಾಜರಾತಿ ನೋಡಿಕೊಳ್ಳುವ ಆಫೀಸಿನ ಹೆಂಗಸಿನ ಹತ್ತಿರ ಹೋಗಿ ನಿಂತರು. ಮೊದಲ ಪೀರಿಯಡ್ಡಿಗೆ ತಡವಾಗಿ ಬರುವವರು ಯಾರು ಅಂತ ಅವರಿಗೆ ಗೊತ್ತಿರುತ್ತದೆ. ವೇಟ್ ರೂಮಿನಲ್ಲಿ ಪ್ಲೇಟುಗಳನ್ನು ವಾಪಸ್ ಜೋಡಿಸುವವರು ಯಾರು ಅಂತ ಟ್ರೇನರ್‌ಗೆ ಗೊತ್ತಿರುತ್ತದೆ.

ಮನೆಯಲ್ಲಿ ನಾವು ಮಾಡಿದ್ದು ಮೂರು ಕೆಲಸ.

ಮೊದಲನೆಯದು, ಎಬ್ಬಿಸುವುದನ್ನು ನಿಲ್ಲಿಸಿದೆವು. ಹತ್ತನೇ ಕ್ಲಾಸಿನ ತನಕ ಅವನಮ್ಮ ಮೂರು ಸಲ ಕೂಗಿ, ನಾಲ್ಕನೇ ಸಲ ಹೊದಿಕೆ ಎಳೆದು ಎಬ್ಬಿಸುತ್ತಿದ್ದಳು. ಕಾಲೇಜಿನಲ್ಲಿ ಆ ಕೆಲಸ ಮಾಡುವವರು ಯಾರು? ಅಲಾರಂ ಇಡುವುದು ಅವನ ಜವಾಬ್ದಾರಿ ಅಂದೆವು. ಮೊದಲ ವಾರ ಎರಡು ದಿನ ತಡವಾಯಿತು, ತಂಡದ ಮುಂದೆ ಓಡಿ ಶಿಕ್ಷೆ ತೀರಿಸಿದ. ಅವಳಿಗೆ ನೋಡಲಾಗಲಿಲ್ಲ, ಆದರೂ ತಡೆದುಕೊಂಡಳು. ಮೂರನೇ ವಾರದಿಂದ ಅಲಾರಂಗೆ ಮುಂಚೆಯೇ ಎದ್ದ.

ಎರಡನೆಯದು, ವಾರವನ್ನು ಪಂದ್ಯದ ಸುತ್ತ ಹೊಂದಿಸಿದೆವು. ಶುಕ್ರವಾರ ರಾತ್ರಿ ಪಂದ್ಯ, ಶನಿವಾರ ಬೆಳಿಗ್ಗೆ ಫಿಲ್ಮ್. ಗುರುವಾರ, ಶುಕ್ರವಾರ ತಲೆಯಲ್ಲಿ ಆಟ ಬಿಟ್ಟು ಬೇರೇನೂ ಇರುವುದಿಲ್ಲ, ಅದು ಸಹಜ. ಹಾಗಾಗಿ ಕಷ್ಟದ ಓದು ಭಾನುವಾರ ಮಧ್ಯಾಹ್ನ ಮತ್ತು ಮಂಗಳವಾರ ರಾತ್ರಿಗೆ. ಶುಕ್ರವಾರ ಕೊಡಬೇಕಾದ ಪ್ರಬಂಧ ಬುಧವಾರ ರಾತ್ರಿ ಮುಗಿದಿರಬೇಕು. ಸ್ಕೂಲ್ ಶುರುವಾಗುವ ಮುಂಚೆ ಮೇಷ್ಟ್ರುಗಳು ಅರ್ಧ ಗಂಟೆ ಟ್ಯುಟೋರಿಯಲ್ ಕೊಡುತ್ತಾರೆ, ವಾರಕ್ಕೆ ಎರಡು ದಿನ ಕೆಮಿಸ್ಟ್ರಿಗೆ ಹೋದ. ಅವನ ಗ್ರೇಡ್ ಸಿಯಿಂದ ಬಿಗೆ ಏರಿದ್ದು ಆ ಅರ್ಧ ಗಂಟೆಯಿಂದ.

ಮೂರನೆಯದು, ಮೇಷ್ಟ್ರಿಗೆ ಇಮೇಲ್ ಬರೆಯುವುದನ್ನು ಅವನಿಗೇ ಬಿಟ್ಟೆವು. ಪಂದ್ಯಕ್ಕೆ ಬಸ್ಸು ಎರಡು ಗಂಟೆಗೇ ಹೊರಡುತ್ತದೆ, ಕ್ವಿಜ್ ಯಾವಾಗ ಬರೆಯಲಿ ಅಂತ ಮುಂಚಿತವಾಗಿ ಕೇಳುವುದು. ಕ್ಲಾಸ್ ತಪ್ಪಿದ ಮೇಲೆ ಕ್ಷಮೆ ಕೇಳುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸವಿದೆ. ಆಮೇಲೆ ಇದೇ ಮೇಷ್ಟ್ರುಗಳು ಶಿಫಾರಸು ಪತ್ರ ಬರೆಯುತ್ತಾರೆ.

ಕಾಲೇಜಿನಲ್ಲಿ ಸೀಸನ್ ಹೊತ್ತಿಗೆ ತಂಡದ ಕೆಲಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಪ್ರಯಾಣ, ಗಾಯದ ಚಿಕಿತ್ಸೆ ಅದರಲ್ಲಿ ಸೇರುವುದಿಲ್ಲ. ಅಂಥ ವಾರವನ್ನು ಹದಿನೆಂಟನೇ ವಯಸ್ಸಿನಲ್ಲಿ, ಮನೆಯವರು ಹತ್ತಿರವಿಲ್ಲದೆ ನಡೆಸಬೇಕು.

ಮಕ್ಕಳಿಗೆ ಹೇಳಲು ಒಳ್ಳೆಯ ಉದಾಹರಣೆಗಳಿವೆ. ವೃತ್ತಿಪರ ತಂಡ ಸಿಯಾಟಲ್ ಸೀಹಾಕ್ಸ್‌ನಲ್ಲಿ ಆಡಿದ್ದ ರಿಚರ್ಡ್ ಶೆರ್ಮನ್ ಕಾಂಪ್ಟನ್‌ನ ಡೊಮಿಂಗೆಜ್ ಹೈಸ್ಕೂಲಿನಲ್ಲಿ ತನ್ನ ಬ್ಯಾಚಿಗೆ ಎರಡನೇ ರ‍್ಯಾಂಕ್ ಬಂದು ಸ್ಟ್ಯಾನ್‌ಫರ್ಡ್ ಸೇರಿದವರು. ಮೈರನ್ ರೋಲ್ ಫ್ಲಾರಿಡ ಸ್ಟೇಟ್‌ನಲ್ಲಿ ಆಡುತ್ತಿದ್ದರು. 2008ರ ನವೆಂಬರ್‌ನಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಆಕ್ಸ್‌ಫರ್ಡಿನಲ್ಲಿ ಓದಲು ಕೊಡುವ ರೋಡ್ಸ್ ಸ್ಕಾಲರ್‌ಶಿಪ್‌ನ ಸಂದರ್ಶನ ಮುಗಿಸಿ, ಅದೇ ದಿನ ವಿಮಾನದಲ್ಲಿ ಮೇರಿಲ್ಯಾಂಡ್‌ಗೆ ಹಾರಿ ತಂಡ ಸೇರಿಕೊಂಡರು. ಈಗ ಅವರು ನ್ಯೂರೊಸರ್ಜನ್. ಈ ಕಥೆ ಹೇಳಿದ ಮೇಲೆ ನಮ್ಮಪ್ಪ ಚೆಂಡಿನ ವಿಷಯಕ್ಕೆ ಸ್ವಲ್ಪ ಮೆತ್ತಗಾದರು.

ಹೆಜ್ಜೆ 6: ನೋಂದಣಿ, ದಾಖಲೆ, ಊರಿನ ಮಾರ್ಕ್ಸ್ ಕಾರ್ಡ್

ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಮೊದಲು ಉಚಿತ ಪ್ರೊಫೈಲ್ ಮಾಡಬಹುದು. ಡಿವಿಷನ್ 1 ಅಥವಾ 2 ಗಟ್ಟಿಯಾಗುವ ಹಾಗೆ ಕಂಡರೆ ಹಣ ಕಟ್ಟುವ ಸರ್ಟಿಫಿಕೇಷನ್ ಖಾತೆಗೆ ಬದಲಾಯಿಸಿ. ಸ್ಕೂಲಿನಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದವರಿಗೆ ಶುಲ್ಕ ಮಾಫಿ ಇದೆ. ಹನ್ನೊಂದು ಮುಗಿದಾಗ ಟ್ರಾನ್ಸ್‌ಕ್ರಿಪ್ಟ್ ಕಳಿಸಲು ಸ್ಕೂಲಿಗೆ ಹೇಳಿ. ಅದು ಸ್ಕೂಲಿನಿಂದಲೇ ನೇರವಾಗಿ ಹೋಗಬೇಕು. ಓದಿದ ಎಲ್ಲ ಹೈಸ್ಕೂಲುಗಳದ್ದೂ ಬೇಕು.

ಈಚೆಗೆ ಕರ್ನಾಟಕದಿಂದ ಬಂದ ಮನೆಗಳವರು ಇಲ್ಲಿ ಎಚ್ಚರ ವಹಿಸಬೇಕು. ಡಿವಿಷನ್ 1ರ ನಾಲ್ಕು ವರ್ಷದ ಗಡಿಯಾರ ಒಂಬತ್ತನೇ ಕ್ಲಾಸ್ ಮೊದಲು ಶುರುವಾದಾಗಲೇ ಓಡಲು ಶುರುವಾಗುತ್ತದೆ, ಅದು ಬೆಂಗಳೂರಿನಲ್ಲಾದರೂ ಸರಿ. ಅಲ್ಲಿ ಒಂಬತ್ತು ಮುಗಿಸಿ ಬಂದ ಹುಡುಗನನ್ನು ಇಲ್ಲಿಯ ಸ್ಕೂಲು ಮತ್ತೆ ಒಂಬತ್ತಕ್ಕೆ ಕೂರಿಸಿದರೆ ಕೊನೆಯ ವರ್ಷದ ಕೋರ್ಸ್‌ಗಳು ಲೆಕ್ಕಕ್ಕೆ ಸಿಗದೇ ಹೋಗಬಹುದು. ಡಿವಿಷನ್ 2ರಲ್ಲಿ ಈ ಕಟ್ಟಿಲ್ಲ. ಸೇರಿಸುವ ಮುಂಚೆಯೇ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ. ಒಂಬತ್ತರ ಮಾರ್ಕ್ಸ್ ಕಾರ್ಡು, ಎಸ್‌ಎಸ್‌ಎಲ್‌ಸಿ ಅಥವಾ ಸಿಬಿಎಸ್‌ಇ ಹತ್ತರ ಸರ್ಟಿಫಿಕೇಟು ಊರಿನ ಬೀರುವಿನಲ್ಲಿ ಬಿಟ್ಟು ಬರಬೇಡಿ.

ವೀಸಾ ಮಾತು ಒಂದು. ಮಗ ಅಪ್ಪ ಅಮ್ಮನ ಕೆಲಸದ ವೀಸಾಗೆ ಅಂಟಿದ ಎಚ್-4ನಿಂದ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ದುಡಿಮೆಗೆ ಕಟ್ಟುಪಾಡುಗಳಿವೆ. ಈಗ ಕಾಲೇಜ್ ಆಟಗಾರರಿಗೆ ಜಾಹೀರಾತಿನಿಂದ, ಹೆಸರಿನಿಂದ ಬರುವ ಎನ್‌ಐಎಲ್ ಹಣ ಆ ಕಟ್ಟಿಗೆ ತಗುಲಬಹುದು. ಸಹಿ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕಾಣಿ.

ಹೆಜ್ಜೆ 7: ಕೋಚ್‌ಗೆ ಬರೆಯುವುದು

ಡಿವಿಷನ್ 1 ಫುಟ್‌ಬಾಲ್ ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರಿಂದ ಹುಡುಗನಿಗೆ ಬರೆಯಬಹುದು. ಹುಡುಗ ಬರೆಯಲು ಅಷ್ಟು ಕಾಯಬೇಕಿಲ್ಲ. ಅವನೇ ಬರೆಯಲಿ, ಅಪ್ಪ ಬರೆದರೆ ಎರಡು ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಹೆಸರು, ಓದು ಮುಗಿಸುವ ವರ್ಷ, ಸ್ಥಾನ, ಎತ್ತರ, ತೂಕ, ಹಡ್ಲ್ ವೆಬ್‌ಸೈಟಿನಲ್ಲಿರುವ ಆಟದ ವಿಡಿಯೊ ಕೊಂಡಿ, ಕೋರ್ ಜಿಪಿಎ, ಎಷ್ಟು ಕೋರ್ ಕೋರ್ಸ್ ಮುಗಿದಿವೆ, ಎನ್‌ಸಿಎಎ ಐಡಿ, ತನ್ನ ಕೋಚ್‌ನ ಫೋನ್ ನಂಬರು. ಟ್ರಾನ್ಸ್‌ಕ್ರಿಪ್ಟ್ ಜೊತೆಗಿರಲಿ. ಗ್ರೇಡ್ ಕೆಟ್ಟ ಸೆಮಿಸ್ಟರ್ ಇದ್ದರೆ ಮುಚ್ಚಿಡಬಾರದು. ಏನಾಯಿತು, ಆಮೇಲೆ ಏನು ಮಾಡಿದೆ ಅಂತ ಎರಡು ಸಾಲು ಸಾಕು. ನನ್ನ ಮಗ ಬೇಸಿಗೆಯ ಆಲ್ಜಿಬ್ರಾ ಬಗ್ಗೆ ಬರೆದ ಸಾಲಿಗೇ ಒಬ್ಬ ಕೋಚ್ ಉತ್ತರ ಕೊಟ್ಟಿದ್ದರು.

ಹೆಜ್ಜೆ 8: ಹನ್ನೆರಡನೇ ಕ್ಲಾಸ್, ಕೊನೆಯ ತನಕ

ಕಾಲೇಜ್ ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿ, ಎಸಿಟಿಯ ಅಂಕಗಳು 2023ರಿಂದ ಎನ್‌ಸಿಎಎ ಅರ್ಹತೆಗೆ ಬೇಕಿಲ್ಲ. ಅದಕ್ಕೆ ಪರೀಕ್ಷೆಯನ್ನೇ ಬಿಡಬೇಡಿ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನಂಥ ಕಡೆ ಅಡ್ಮಿಷನ್ನಿಗೆ ಮತ್ತೆ ಕೇಳುತ್ತಿದ್ದಾರೆ. ಡಿಸೆಂಬರ್ ಮೊದಲಲ್ಲಿ ಮತ್ತು ಫೆಬ್ರವರಿಯಲ್ಲಿ, ಕಾಲೇಜ್ ತಂಡ ಸೇರುತ್ತೇನೆ ಅಂತ ಸಹಿ ಹಾಕುವ ಅವಧಿ ಬರುತ್ತದೆ. ಅದಕ್ಕಿದ್ದ ಹಳೆಯ ಪತ್ರ, ನ್ಯಾಷನಲ್ ಲೆಟರ್ ಆಫ್ ಇಂಟೆಂಟ್, 2024ರ ಅಕ್ಟೋಬರ್‌ನಲ್ಲಿ ಹೋಯಿತು. ಈಗ ಸಹಿ ಹಾಕುವುದು ಕಾಲೇಜಿನ ಆರ್ಥಿಕ ನೆರವಿನ ಒಪ್ಪಂದಕ್ಕೆ.

ಸಹಿ ಆದ ಮೇಲೆ ಹುಡುಗರು ಸಡಿಲವಾಗುತ್ತಾರೆ. ವಸಂತದ ಸೆಮಿಸ್ಟರ್‌ನಲ್ಲಿ ಒಂದು ಕೋರ್ ಕೋರ್ಸ್ ಫೇಲಾದರೆ 16 ಅಲ್ಲ, 15.5. ಏಪ್ರಿಲ್ 1ರ ನಂತರ ಅಮೆಚ್ಯೂರಿಸಂನ (ಹುಡುಗ ವೃತ್ತಿಪರ ಆಟಗಾರನಲ್ಲ ಅನ್ನುವುದರ) ಕೊನೆಯ ದೃಢೀಕರಣ ಕೇಳಿಕೊಳ್ಳಬೇಕು. ಗ್ರಾಜುಯೇಷನ್ ಆದ ಕೂಡಲೇ ಪಾಸಾದ ದಿನಾಂಕವಿರುವ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ಜೂನ್‌ನಲ್ಲಿ ಸ್ಕೂಲ್ ಆಫೀಸುಗಳು ಅರ್ಧ ಖಾಲಿ ಇರುತ್ತವೆ, ಹಾಗಾಗಿ ಮೇ ತಿಂಗಳಲ್ಲೇ ಹೇಳಿಡಿ.

ಕಡಿಮೆ ಬಿದ್ದರೆ ದಾರಿ ಪೂರ್ತಿ ಮುಚ್ಚುವುದಿಲ್ಲ. 16 ಕೋರ್ಸ್ ಮುಗಿದು ಕೋರ್ ಜಿಪಿಎ 2.0ರಿಂದ 2.3ರ ಒಳಗಿದ್ದರೆ ಡಿವಿಷನ್ 1ರಲ್ಲಿ ಅಕಾಡೆಮಿಕ್ ರೆಡ್‌ಶರ್ಟ್ ಆಗಬಹುದು: ಸ್ಕಾಲರ್‌ಶಿಪ್ ಸಿಗುತ್ತದೆ, ಮೊದಲ ಟರ್ಮ್ ಪ್ರಾಕ್ಟೀಸೂ ಮಾಡಬಹುದು, ಮೊದಲ ವರ್ಷ ಪಂದ್ಯವಿಲ್ಲ. ಸಮಯಕ್ಕೆ ಸರಿಯಾಗಿ ಗ್ರಾಜುಯೇಟ್ ಆದವರು ಆಮೇಲೆ ಒಂದು ವರ್ಷದೊಳಗೆ ಇನ್ನೊಂದು ಕೋರ್ ಕೋರ್ಸ್ ಸೇರಿಸಿಕೊಳ್ಳಲು ಅವಕಾಶವಿದೆ. ಜೂನಿಯರ್ ಕಾಲೇಜ್ ದಾರಿಯೂ ಇದೆ. ಅದು ಉದ್ದ, ಆದರೆ ಮರ್ಯಾದೆಯ ದಾರಿಯೇ.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಮಗ ಅಡುಗೆಮನೆಗೆ ಬಂದು ಫೋನ್ ತೋರಿಸಿದ. ಎಲಿಜಿಬಿಲಿಟಿ ಸೆಂಟರ್ ಖಾತೆಯ ಸ್ಟೇಟಸ್ ಜಾಗದಲ್ಲಿ 'ಕ್ವಾಲಿಫೈಯರ್', ಅಂದರೆ ಅರ್ಹ, ಅಂತಿತ್ತು. ಅವನಮ್ಮ ಕೈ ಒರೆಸಿಕೊಂಡು ಎರಡು ಸಲ ಓದಿದಳು. ಆಮೇಲೆ ಫ್ರಿಜ್ಜಿನ ಮೇಲಿದ್ದ ಹಾಳೆಯನ್ನು ಹರಿಯದ ಹಾಗೆ ನಿಧಾನವಾಗಿ ಬಿಡಿಸಿ, ಅವನ ಕಾಲೇಜ್ ಪೇಪರುಗಳ ಫೈಲಿನೊಳಗೆ ಇಟ್ಟಳು. ಅವನು ನೀರಿನ ಬಾಟಲ್ ತುಂಬಿಸಿಕೊಂಡು ಓಡಲು ಹೋದ.